ಸಂತ ಫಿಲಿಪ್ ನೇರಿ: ನಗುವನ್ನೇ ಸಾಧನೆಯಾಗಿಸಿಕೊಂಡ ರೋಮ್‌ನ ಗುರು

1622ರ ಮಾರ್ಚ್ 12ರಂದು ಪೋಪ್ ಹದಿನೈದನೇ ಗ್ರೆಗರಿ ಒಂದೇ ಸಮಾರಂಭದಲ್ಲಿ ಐವರಿಗೆ ಸಂತ ಪದವಿ ನೀಡಿದರು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲ, ಗೋವಾದಲ್ಲಿ ಸಮಾಧಿಯಾಗಿರುವ ಫ್ರಾನ್ಸಿಸ್ ಕ್ಸೇವಿಯರ್, ಆವಿಲದ ತೆರೇಸಾ, ಮ್ಯಾಡ್ರಿಡ್‌ನ ರೈತ ಇಸಿದೋರ್, ಇವರು ನಾಲ್ವರೂ ಸ್ಪೇನಿನವರು. ಐದನೆಯವರು ಫಿಲಿಪ್ ನೇರಿ. "ಇವತ್ತು ನಾಲ್ವರು ಸ್ಪೇನಿಗರಿಗೂ ಒಬ್ಬ ಸಂತನಿಗೂ ಪಟ್ಟವಾಯಿತು" ಎಂದು ರೋಮ್‌ನ ಜನ ಮಾತಾಡಿಕೊಂಡರಂತೆ. ಉಳಿದವರ ಮೇಲೆ ಅಗೌರವದಿಂದ ಆಡಿದ ಮಾತಲ್ಲ ಅದು. ಆ ಊರಿನ ಹಮಾಲಿಯಿಂದ ಹಿಡಿದು ಕಾರ್ಡಿನಲ್‌ವರೆಗೆ ಎಲ್ಲರೂ ಫಿಲಿಪ್ಪರನ್ನು ಬೀದಿಯಲ್ಲಿ ಕಂಡು ಮಾತಾಡಿಸಿದ್ದರು, ಅವರ ಕೈಲಿ ಕಿವಿ ಹಿಂಡಿಸಿಕೊಂಡಿದ್ದರು.

"ಸಂತೋಷದ ಸಂತ" ಎಂಬ ಹೆಸರು ಅವರಿಗೆ ಗಟ್ಟಿಯಾಗಿ ಅಂಟಿದೆ. ಆದರೆ ಆ ಹೆಸರೇ ಅವರನ್ನು ಸ್ವಲ್ಪ ಮರೆಮಾಡಿದೆ. ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದರು, ಅಂಗಿ ತಿರುವುಮುರುವಾಗಿ ತೊಟ್ಟರು, ಗಣ್ಯರ ಮುಂದೆ ಕುಣಿದರು ಎಂಬ ಪ್ರಸಂಗಗಳನ್ನು ಓದಿದವರು ಅವರು ಹುಟ್ಟಾ ತಮಾಷೆಗಾರರೆಂದು ತಿಳಿದು ಮುಂದೆ ಹೋಗುತ್ತಾರೆ. ಫಿಲಿಪ್ಪರ ನಗು ಸ್ವಭಾವ ಮಾತ್ರವಲ್ಲ, ಪಟ್ಟು ಹಿಡಿದು ಮಾಡಿದ ಸಾಧನೆ. ಅದಕ್ಕೊಂದು ಕಾರಣವಿತ್ತು, ಕ್ರಮವಿತ್ತು, ಅವರೇ ಹಾಕಿಕೊಂಡ ಎಲ್ಲೆಯೂ ಇತ್ತು.

ಫಿಲಿಪ್ಪರು ಹುಟ್ಟಿದ್ದು 1515ರ ಜುಲೈ 21ರಂದು, ಫ್ಲಾರೆನ್ಸ್‌ನಲ್ಲಿ. ತಂದೆ ಫ್ರಾಂಚೆಸ್ಕೊ ನೇರಿ ದಸ್ತಾವೇಜು ಬರೆಯುವ ನೋಟರಿ. ಹುಡುಗ ಎಷ್ಟು ಸಾಧುವೆಂದರೆ ಊರಿನವರು "ಪಿಪ್ಪೊ ಬುವೊನೊ", ಅಂದರೆ ಒಳ್ಳೆಯ ಪಿಪ್ಪೊ, ಎಂದೇ ಕರೆಯುತ್ತಿದ್ದರು. ಸಾನ್ ಮಾರ್ಕೊ ಮಠದ ಡೊಮಿನಿಕನ್ ಸನ್ಯಾಸಿಗಳ ಬಳಿ ಧರ್ಮದ ಪಾಠವಾಯಿತು. ಹದಿನೆಂಟರ ವಯಸ್ಸಿಗೆ, ವ್ಯಾಪಾರ ಕಲಿತು ಆಸ್ತಿಗೂ ವಾರಸುದಾರನಾಗಲಿ ಎಂದು ಮೊಂತೆ ಕಸ್ಸಿನೊ ಬೆಟ್ಟದ ತಪ್ಪಲಿನ ಸಾನ್ ಜೆರ್ಮಾನೊದಲ್ಲಿದ್ದ ಬಂಧುವಿನ ಮನೆಗೆ ಕಳಿಸಿದರು. ಫಿಲಿಪ್ಪರು ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. ಆಸ್ತಿಯ ಆಸೆ ಬಿಟ್ಟು, ಕೈಯಲ್ಲಿ ಕಾಸಿಲ್ಲದೆ ರೋಮ್ ದಾರಿ ಹಿಡಿದರು.

ರೋಮ್ ಆಗಷ್ಟೇ ಸುಟ್ಟ ಗಾಯದಿಂದ ಚೇತರಿಸಿಕೊಳ್ಳುತ್ತಿತ್ತು. 1527ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್‌ನ ಸೈನ್ಯ ನಗರವನ್ನು ಲೂಟಿ ಮಾಡಿ ಹಾಳುಗೆಡವಿತ್ತು. ಚರ್ಚುಗಳಿದ್ದವು, ಕೇಳುವವರಿರಲಿಲ್ಲ. ಗುರುಗಳಲ್ಲಿ, ಅಂದರೆ ಪಾದ್ರಿಗಳಲ್ಲಿ, ಹಲವರು ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆ ಅರ್ಪಿಸುವುದನ್ನೇ ಬಿಟ್ಟಿದ್ದರು. ಫ್ಲಾರೆನ್ಸ್ ಮೂಲದ ಸುಂಕದ ಅಧಿಕಾರಿ ಗಲೆಯೊತ್ತೊ ಕಾಚ್ಚಾ ಎಂಬುವರ ಮನೆಯಲ್ಲಿ ಇಬ್ಬರು ಹುಡುಗರಿಗೆ ಪಾಠ ಹೇಳುವ ಕೆಲಸ ಫಿಲಿಪ್ಪರಿಗೆ ಸಿಕ್ಕಿತು. ಸಂಬಳವೆಂದರೆ ಒಂದು ಪುಟ್ಟ ಕೋಣೆ, ವರ್ಷಕ್ಕಿಷ್ಟು ಗೋಧಿ. ಗೋಧಿಯನ್ನು ಬೇಕರಿಯವನಿಗೆ ಒಪ್ಪಿಸಿ, ಅವನಿಂದ ದಿನಕ್ಕೊಂದು ರೊಟ್ಟಿ ಪಡೆಯುತ್ತಿದ್ದರು. ಕೆಲಕಾಲ ತತ್ತ್ವಶಾಸ್ತ್ರ, ದೈವಶಾಸ್ತ್ರ ಓದಿ, ಆಮೇಲೆ ಪುಸ್ತಕಗಳನ್ನು ಮಾರಿ ಹಣವನ್ನು ಬಡವರಿಗೆ ಕೊಟ್ಟುಬಿಟ್ಟರು. ಹಗಲು ಆಸ್ಪತ್ರೆಗಳಲ್ಲಿ ರೋಗಿಗಳ ಸೇವೆ, ರಾತ್ರಿ ಊರಾಚೆ ಸಂತ ಸೆಬಾಸ್ಟಿಯನ್ ಚರ್ಚಿನ ನೆಲದಡಿಯ ಸಮಾಧಿ ಸುರಂಗಗಳಲ್ಲಿ ಪ್ರಾರ್ಥನೆ.

1544ರಲ್ಲಿ, ಪವಿತ್ರಾತ್ಮರು ಇಳಿದುಬಂದುದನ್ನು ನೆನೆಯುವ ಪಂಚಾಶತ್ತಮ ಹಬ್ಬದ ಹೊತ್ತಿಗೆ, ಆ ಸುರಂಗದಲ್ಲೇ ಅವರಿಗೊಂದು ಅನುಭವವಾಯಿತು. ಬೆಂಕಿಯ ಉಂಡೆಯೊಂದು ಬಾಯಿಯ ಮೂಲಕ ಎದೆಯೊಳಗೆ ಇಳಿದಂತಾಗಿ ನೆಲಕ್ಕೆ ಬಿದ್ದರು. ಎದ್ದಾಗ ಎದೆಯ ಎಡಭಾಗ ಮುಷ್ಟಿಯಷ್ಟು ಉಬ್ಬಿತ್ತು. ನೋವಿರಲಿಲ್ಲ. ಅಲ್ಲಿಂದ ಸಾಯುವವರೆಗೆ ಪ್ರಾರ್ಥನೆಗೆ ಕೂತರೆ ಹೃದಯ ಜೋರಾಗಿ ಹೊಡೆದುಕೊಳ್ಳುತ್ತಿತ್ತು, ಕೂತ ಕುರ್ಚಿ, ಮಲಗಿದ ಮಂಚ ಅದುರುತ್ತಿದ್ದವು. ಚಳಿಗಾಲದಲ್ಲೂ ನಿಲುವಂಗಿಯ ಗುಂಡಿ ಬಿಚ್ಚಿ, ಕಿಟಕಿ ತೆರೆದಿಡುತ್ತಿದ್ದರು. 1595ರಲ್ಲಿ ತೀರಿಕೊಂಡ ಮೇಲೆ ವೈದ್ಯರು ದೇಹ ಕೊಯ್ದು ನೋಡಿದರೆ ಎಡಗಡೆಯ ಎರಡು ಪಕ್ಕೆಲುಬುಗಳು ಮುರಿದು ಹೊರಕ್ಕೆ ಕಮಾನಿನಂತೆ ಬಾಗಿದ್ದವು. ನೋಡಿದವರಲ್ಲಿ ಆ ಕಾಲದ ಹೆಸರಾಂತ ಅಂಗರಚನಾ ತಜ್ಞ ಆಂದ್ರೆಯಾ ಚೆಸಾಲ್ಪಿನೊ ಕೂಡ ಇದ್ದರು. ವೈದ್ಯ ಆಂಜೆಲೊ ವಿತ್ತೊರಿ 1613ರಲ್ಲಿ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದರು. ರಕ್ತನಾಳ ಊದಿಕೊಂಡು ಎಲುಬನ್ನು ಒತ್ತಿರಬಹುದೆಂದು ಈಚಿನ ಕೆಲವು ವೈದ್ಯರ ಊಹೆ. ನಾಲ್ಕು ಶತಮಾನದ ಹಿಂದಿನ ಬರಹ ಓದಿ ರೋಗ ಇಂಥದ್ದೇ ಎಂದು ಹೇಳಲಾಗದು. ಭಕ್ತರಿಗೆ ಅದು ಪವಿತ್ರಾತ್ಮರ ಗುರುತು. ಎರಡನ್ನೂ ಬದಿಗಿಟ್ಟು ನೋಡಿದರೂ ಒಂದು ಮಾತು ನಿಲ್ಲುತ್ತದೆ: ಇಂಥ ಅನುಭವಗಳನ್ನು ಮರೆಮಾಡುವುದಕ್ಕೂ ಫಿಲಿಪ್ಪರು ಜೀವನವಿಡೀ ತಮಾಷೆಯನ್ನು ಬಳಸಿದರು.

1548ರಲ್ಲಿ ತಮ್ಮ ಪಾಪನಿವೇದನೆ ಕೇಳುತ್ತಿದ್ದ ಗುರು ಪೆರ್ಸಿಯಾನೊ ರೋಸಾ ಅವರೊಡನೆ ಸೇರಿ, ಯಾತ್ರಿಕರಿಗೂ ಆಸ್ಪತ್ರೆಯಿಂದ ಹೊರಬಿದ್ದ ಬಡ ರೋಗಿಗಳಿಗೂ ಆಸರೆ ಕೊಡಲು ಪರಮ ತ್ರಿತ್ವದ ಹೆಸರಿನಲ್ಲಿ ಒಂದು ಬಳಗ ಕಟ್ಟಿದರು. ರೋಮ್‌ಗೆ ಯಾತ್ರಿಕರು ಹರಿದುಬರುವ ಜೂಬಿಲಿ ವರ್ಷವಾಗಿದ್ದ 1550ರಲ್ಲಿ ಸಾವಿರಾರು ಯಾತ್ರಿಕರ ಕಾಲು ತೊಳೆದು ಊಟ ಬಡಿಸಿದ್ದು ಈ ಬಳಗ. ಅಷ್ಟಾದರೂ ಫಿಲಿಪ್ಪರು ಇನ್ನೂ ಗುರುವಾಗಿರಲಿಲ್ಲ. ರೋಸಾ ಒತ್ತಾಯಿಸಿದ ಮೇಲೆ 1551ರ ಮೇ 23ರಂದು, 35ನೇ ವಯಸ್ಸಿನಲ್ಲಿ, ಗುರುದೀಕ್ಷೆ ಪಡೆದು ಸಾನ್ ಜಿರೊಲಾಮೊ ಚರ್ಚಿನ ಮನೆಗೆ ಬಂದು ಸೇರಿಕೊಂಡರು.

ಇಲ್ಲಿಂದ ಅವರ ನಿಜವಾದ ಕೆಲಸ ಶುರು. ಬೆಳಕು ಹರಿಯುವ ಮೊದಲೇ ಕೋಣೆಯ ಬಾಗಿಲು ತೆರೆದು ಪಾಪನಿವೇದನೆಗೆ ಕೂತರೆ ಮಧ್ಯಾಹ್ನದವರೆಗೆ ಅದೇ. ಬಂದ ಯುವಕರಿಗೆ ಮಧ್ಯಾಹ್ನದ ಮೇಲೆ ಏನು ಕೆಲಸ? ರೋಮ್‌ನಲ್ಲಿ ಆ ಹೊತ್ತು ಜೂಜಿಗೂ ಜಗಳಕ್ಕೂ ಮೀಸಲು. ಅದಕ್ಕೇ ಅವರನ್ನು ಊಟದ ನಂತರ ತಮ್ಮ ಕೋಣೆಗೆ ಕರೆದರು. ಏಳೆಂಟು ಜನರಿಂದ ಆರಂಭವಾದದ್ದು ಕೋಣೆಯಲ್ಲಿ ಹಿಡಿಸದಷ್ಟು ಬೆಳೆಯಿತು. ಆಗ ಚರ್ಚಿನ ಮೇಲಿನ ಅಟ್ಟವನ್ನು ಸರಿಮಾಡಿ ಪ್ರಾರ್ಥನಾ ಮಂದಿರ ಮಾಡಿದರು. ಇದೇ ಒರೇಟರಿ. ಜಾಗದ ಹೆಸರೇ ಮುಂದೆ ಸಂಘಕ್ಕೂ, ಅಲ್ಲಿ ಹುಟ್ಟಿದ ಒಂದು ಸಂಗೀತ ಪ್ರಕಾರಕ್ಕೂ ಬಂತು.

ಅಲ್ಲಿ ನಡೆಯುತ್ತಿದ್ದುದನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಅದರ ಹೊಸತನ ಮೇಲ್ನೋಟಕ್ಕೆ ಕಾಣುವುದಿಲ್ಲ. ಮೊದಲು ಯಾರಾದರೂ ಒಂದು ಭಕ್ತಿಗ್ರಂಥವನ್ನು ಓದುತ್ತಿದ್ದರು. ನಡುವೆ ನಿಲ್ಲಿಸಿ ಫಿಲಿಪ್ಪರು ಎದುರು ಕೂತವರಲ್ಲಿ ಒಬ್ಬರನ್ನು "ನಿಮಗೇನನ್ನಿಸುತ್ತದೆ?" ಎಂದು ಕೇಳುತ್ತಿದ್ದರು. ಅಕ್ಕಸಾಲಿಗ, ವೈದ್ಯ, ಅರಮನೆಯ ಚಾಕರ, ಯಾರಾದರೂ ಸರಿ. ಬಳಿಕ ಸರದಿಯಂತೆ ನಾಲ್ಕು ಉಪನ್ಯಾಸ, ಒಂದೊಂದು ಅರ್ಧ ಗಂಟೆ. ಹೇಳುವವರು ಏರುವುದು ಪ್ರವಚನ ಪೀಠವನ್ನಲ್ಲ, ಕೊಂಚ ಎತ್ತರದ ಕುರ್ಚಿಯನ್ನು. ಭಾಷೆ ಲ್ಯಾಟಿನ್ ಅಲ್ಲ, ಜನರ ಇಟಾಲಿಯನ್. ದೈವಶಾಸ್ತ್ರದ ಸೂಕ್ಷ್ಮ ವಾದಗಳಿಗೆ ಅವಕಾಶವಿಲ್ಲ. ಸಂತರ ಬದುಕು, ಧರ್ಮಸಭೆಯ ಚರಿತ್ರೆ, ದಿನನಿತ್ಯದ ಸದ್ಗುಣಗಳು ಇವೇ ವಿಷಯ. ಗುರುದೀಕ್ಷೆಯಾಗದ ಗೃಹಸ್ಥರೂ ಮಾತಾಡುತ್ತಿದ್ದರು. ನಡುನಡುವೆ ಹಾಡು. ಕೊನೆಗೆ ಪ್ರಾರ್ಥನೆ. ಎಲ್ಲ ಸೇರಿ ಸುಮಾರು ಮೂರು ಗಂಟೆ. ಮುಗಿದ ಮೇಲೆ ಎದ್ದು ಆಸ್ಪತ್ರೆಗೋ ತೋಟಕ್ಕೋ ಒಟ್ಟಾಗಿ ನಡೆದುಹೋಗುವುದು. ಬೇಕಾದವರು ಬರಬಹುದು, ಬೇಡವೆನಿಸಿದಾಗ ನಡುವೆಯೇ ಎದ್ದು ಹೋಗಬಹುದು.

ಹಾಡಿನ ಹೊಣೆ ಸಂತ ಪೇತ್ರರ ಮಹಾದೇವಾಲಯದ ಸಂಗೀತ ನಿರ್ದೇಶಕ ಜೊವಾನ್ನಿ ಅನಿಮುಚ್ಚಾ ಅವರದು. 1563ರಲ್ಲಿ ಅವರು ಅಚ್ಚು ಹಾಕಿಸಿದ ಮೊದಲ ಭಜನೆಗಳ ಪುಸ್ತಕ ತೀರಾ ಸರಳ, ಒಮ್ಮೆ ಕೇಳಿದರೆ ಹಾಡಬಹುದಾದಂಥದ್ದು. 1570ರ ಎರಡನೇ ಪುಸ್ತಕದಲ್ಲಿ ಸ್ವರಜೋಡಣೆ ಸಂಕೀರ್ಣವಾಯಿತು. ಗಣ್ಯರೂ ಧರ್ಮಾಧ್ಯಕ್ಷರೂ ಬರತೊಡಗಿದ್ದರಿಂದ ಹೀಗೆ ಮಾಡಿದೆನೆಂದು ಅದರ ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಫಿಲಿಪ್ಪರು ತೀರಿಕೊಂಡ ಐದು ವರ್ಷಕ್ಕೆ, 1600ರ ಫೆಬ್ರವರಿಯಲ್ಲಿ, ಎಮಿಲಿಯೊ ದೆ ಕಾವಾಲಿಯೇರಿ ಆತ್ಮ ಮತ್ತು ದೇಹದ ಸಂವಾದವನ್ನು ಸಂಗೀತ ರೂಪಕವಾಗಿ ಒರೇಟರಿಯಲ್ಲೇ ಆಡಿಸಿದರು. ಕ್ರಿಸ್ಮಸ್ ಸಮಯದಲ್ಲಿ ಊರೂರಲ್ಲಿ ಕೇಳುವ ಹ್ಯಾಂಡೆಲ್‌ನ ಮೆಸ್ಸಾಯ ಈ ಒರೇಟೊರಿಯೊ ಪ್ರಕಾರಕ್ಕೇ ಸೇರಿದ್ದು.

ಅವರ ಇನ್ನೊಂದು ಏರ್ಪಾಡು ಏಳು ಚರ್ಚುಗಳ ಯಾತ್ರೆ. ಈಸ್ಟರ್‌ಗೆ ಮೊದಲಿನ ಉಪವಾಸದ ದಿನಗಳಾದ ತಪಸ್ಸುಕಾಲಕ್ಕೆ ಮುಂಚಿನ ಕಾರ್ನಿವಲ್ ದಿನಗಳಲ್ಲಿ ರೋಮ್‌ನಲ್ಲಿ ಮುಖವಾಡ, ಕುದುರೆ ಓಟ, ಕುಡಿತ, ಹೊಡೆದಾಟ. ಅದನ್ನು ಬೈದು ಪ್ರಯೋಜನವಿಲ್ಲವೆಂದು ಫಿಲಿಪ್ಪರಿಗೆ ಗೊತ್ತಿತ್ತು. ಅದಕ್ಕಿಂತ ಚೆನ್ನಾದ ಹಬ್ಬವನ್ನೇ ಎದುರಿಗಿಟ್ಟರು. ಸಂತ ಪೇತ್ರರಿಂದ ಹೊರಟು ಗೋಡೆಯಾಚೆಯ ಸಂತ ಪೌಲ, ಸಂತ ಸೆಬಾಸ್ಟಿಯನ್, ಲ್ಯಾಟೆರನ್‌ನ ಸಂತ ಯೊವಾನ್ನ, ಪವಿತ್ರ ಶಿಲುಬೆ, ಸಂತ ಲಾರೆನ್ಸ್ ಚರ್ಚುಗಳನ್ನು ಮುಟ್ಟಿ, ಕೊನೆಗೆ ಮರಿಯಾ ಮಜ್ಜೋರೆ. ಒಟ್ಟು ಸುಮಾರು 20 ಕಿಲೋಮೀಟರ್ ನಡಿಗೆ. ದಾರಿಯುದ್ದಕ್ಕೂ ಗಾಯಕರ ಹಾಡು. ನಡುವೆ ಮತ್ತೇಯಿ ಮನೆತನದ ತೋಟದಲ್ಲಿ ಹುಲ್ಲಿನ ಮೇಲೆ ಕೂತು ಊಟ: ರೊಟ್ಟಿ, ಮೊಟ್ಟೆ, ಚೀಸ್, ಸಲಾಮಿ, ಹಣ್ಣು, ಸ್ವಲ್ಪ ದ್ರಾಕ್ಷಾರಸ. ಹತ್ತಾರು ಜನರಿಂದ ಶುರುವಾದದ್ದು ಸಾವಿರ ದಾಟಿತು.

ಅಷ್ಟಾದ ಮೇಲೆ ಸಂದೇಹವೂ ಹುಟ್ಟಿತು. ಗೃಹಸ್ಥರು ಉಪದೇಶ ಮಾಡುತ್ತಾರೆ, ಜನಭಾಷೆಯಲ್ಲಿ ಧರ್ಮದ ಮಾತು, ಬೀದಿಯಲ್ಲಿ ಗುಂಪು. ಪ್ರೊಟೆಸ್ಟಂಟ್ ಚಳವಳಿಯ ಭಯ ಹಬ್ಬಿದ್ದ ಕಾಲದಲ್ಲಿ, ಕಠಿಣ ಸ್ವಭಾವದ ನಾಲ್ಕನೇ ಪೌಲ ಪೋಪ್ ಆಗಿದ್ದಾಗ, ಇಷ್ಟು ಸಾಕಿತ್ತು. 1559ರಲ್ಲಿ ರೋಮ್‌ನ ಆಡಳಿತ ನೋಡುತ್ತಿದ್ದ ಕಾರ್ಡಿನಲ್, ಹೊಸ ಪಂಥ ಕಟ್ಟುತ್ತಿದ್ದೀರಿ ಎಂದು ಗದರಿಸಿ ಹದಿನೈದು ದಿನ ಪಾಪನಿವೇದನೆ ಕೇಳದಂತೆ ತಡೆದರು. ಫಿಲಿಪ್ಪರು ವಾದಿಸಲಿಲ್ಲ, ತಪ್ಪದೆ ಪಾಲಿಸಿದರು, ತಮ್ಮವರಿಗೂ ಯಾರ ಮೇಲೂ ದೂರು ಹೇಳಬೇಡಿ ಎಂದರು. ಸ್ವಲ್ಪ ದಿನದಲ್ಲೇ ತಡೆ ಕಳಚಿತು.

ಈಗ ತಮಾಷೆಯ ವಿಚಾರ. ಫಿಲಿಪ್ಪರು ತಮ್ಮ ಬಳಿ ಬಂದವರ ಹಣೆಯ ಮೇಲೆ ಮೂರು ಬೆರಳಿಟ್ಟು, "ಸಂತನಾಗುವುದೆಲ್ಲ ಈ ಮೂರು ಬೆರಳಗಲದ ಜಾಗದಲ್ಲಿದೆ" ಎನ್ನುತ್ತಿದ್ದರು. ಉಪವಾಸ, ಚಾಟಿಯೇಟುಗಳಿಂದ ದೇಹವನ್ನು ದಂಡಿಸುವುದು ಆ ಕಾಲದ ರೂಢಿ. ಅದನ್ನು ಮಾಡಿದವನಿಗೆ ತಾನು ಮಹಾ ತಪಸ್ವಿ ಎಂಬ ಹಮ್ಮು ಬಂದರೆ ಮಾಡಿದ್ದೆಲ್ಲ ನೀರುಪಾಲು. ಹಾಗಾಗಿ ಫಿಲಿಪ್ಪರು ಹೊಟ್ಟೆಯನ್ನು ಬಿಟ್ಟು ಹಮ್ಮಿಗೇ ಕೈಹಾಕಿದರು. ಶ್ರೀಮಂತ ಯುವಕರಿಗೆ ಅವರು ಕೊಡುತ್ತಿದ್ದ ಪ್ರಾಯಶ್ಚಿತ್ತಗಳಲ್ಲಿ ಒಂದು, ಕಪ್ರಿಚ್ಚೊ ಎಂಬ ನಾಯಿಯನ್ನು ಎತ್ತಿಕೊಂಡು ಹಾಡಹಗಲು ಬೀದಿಯಲ್ಲಿ ಹೋಗುವುದು. ನಾಯಿ ಒಬ್ಬ ಕಾರ್ಡಿನಲ್ ಮನೆಯದು. ಫಿಲಿಪ್ಪರನ್ನು ಕಂಡ ಮೇಲೆ ತನ್ನ ಮನೆಗೆ ಹೋಗಲು ಒಲ್ಲೆನೆಂದಿತು. ಆಗೊಸ್ತೀನೊ ಮಾನ್ನಿ ಎಂಬ ಶಿಷ್ಯ ಒಮ್ಮೆ ಅದ್ಭುತವಾಗಿ ಪ್ರವಚನ ಮಾಡಿದ. ಅದೇ ಪ್ರವಚನವನ್ನು ಇನ್ನೂ ಆರು ಸಲ ಅಕ್ಷರ ಬಿಡದೆ ಮಾಡು ಎಂದರು ಫಿಲಿಪ್ಪರು. "ಇವರಿಗೆ ಬರುವುದು ಇದೊಂದೇ" ಎಂದು ಕೇಳುಗರು ಅನ್ನತೊಡಗಿದರು.

ಚೇಸರ್ ಬರೋನಿಯಸ್‌ ಕಥೆ ಇನ್ನೂ ದೊಡ್ಡದು. ಕಾನೂನು ಓದಲು ಬಂದ ಈ ಗಂಭೀರ ಯುವಕ ನರಕದ ಭಯದ ಮೇಲೆ ಪ್ರವಚನ ಮಾಡುವುದರಲ್ಲಿ ಪ್ರವೀಣ. ಅದನ್ನು ನಿಲ್ಲಿಸಿ ಧರ್ಮಸಭೆಯ ಚರಿತ್ರೆಯನ್ನು ಮೊದಲಿನಿಂದ ಹೇಳು ಎಂದು ಫಿಲಿಪ್ಪರು ಅಪ್ಪಣೆ ಮಾಡಿದರು. ಒಮ್ಮೆ ಮುಗಿದರೆ ಮತ್ತೆ ಮೊದಲಿನಿಂದ. ಹೀಗೆ ವರ್ಷಾನುಗಟ್ಟಲೆ. ಆ ದುಡಿಮೆಯ ಫಲವೇ 1588ರಿಂದ 1607ರವರೆಗೆ ಬಂದ ಧರ್ಮಸಭೆಯ ಚರಿತ್ರೆಯ ಹನ್ನೆರಡು ಮಹಾಸಂಪುಟಗಳು. ಅದೇ ವಿದ್ವಾಂಸನ ಕೈಗೆ ದೊಡ್ಡ ಬುದ್ದಲಿ ಕೊಟ್ಟು, ಅಂಗಡಿಯಿಂದ ಸ್ವಲ್ಪವೇ ಸ್ವಲ್ಪ ದ್ರಾಕ್ಷಾರಸ ತಾ, ಮೊದಲು ಬುದ್ದಲಿ ತೊಳೆಸು, ದೊಡ್ಡ ನಾಣ್ಯ ಕೊಟ್ಟು ಚಿಲ್ಲರೆ ಕೇಳು ಎಂದು ಕಳಿಸುತ್ತಿದ್ದರು. ಅಂಗಡಿಯವನ ಬೈಗುಳ ಖಚಿತ. ಸಾನ್ ಜೊವಾನ್ನಿ ದೇಯಿ ಫಿಯೊರೆಂತೀನಿ ಚರ್ಚಿನ ಮನೆಯಲ್ಲಿ ಶಿಷ್ಯರೆಲ್ಲ ಸರದಿಯಲ್ಲಿ ಅಡುಗೆ ಮಾಡಬೇಕಿತ್ತು. ಬರೋನಿಯಸ್‌ ಸರದಿ ಎಷ್ಟು ಸಲ ಬರುತ್ತಿತ್ತೆಂದರೆ "ಚೇಸರ್ ಬರೋನಿಯಸ್, ಖಾಯಂ ಅಡುಗೆಭಟ್ಟ" ಎಂದು ಲ್ಯಾಟಿನ್‌ನಲ್ಲಿ ಒಲೆಯ ಹೊಗೆಗೂಡಿನ ಮೇಲೆ ಬರೆದಿಟ್ಟಿದ್ದರು. ಮುಂದೆ ಅವರು ಕಾರ್ಡಿನಲ್ ಆದರು.

ತಮಗೆ ತಾವೂ ಇದನ್ನೇ ಮಾಡಿಕೊಂಡರು. ಸಂತನ ದರ್ಶನಕ್ಕೆಂದು ದೂರದ ಗಣ್ಯರು ಬಂದರೆ ನಗೆಚಾಟಿಕೆಯ ಪುಸ್ತಕ ಓದಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು. ಬಂದವರು ನಿರಾಶರಾಗಿ ಹಿಂದಿರುಗುತ್ತಿದ್ದರು. ಬಲಿಪೂಜೆಗೆ ಮುಂಚೆಯೂ ಅಂಥ ಪುಸ್ತಕ ಬೇಕಾಗುತ್ತಿತ್ತು, ಕಾರಣ ಬೇರೆ. ಮನಸ್ಸನ್ನು ಕೆಳಗಿಳಿಸದಿದ್ದರೆ ಪೂಜೆಯ ನಡುವೆ ಮೈಮರೆತು ನಿಂತುಬಿಡುತ್ತಿದ್ದರು. ಪಾನಪಾತ್ರೆಯ ಅಂಚಿನಲ್ಲಿ ಅವರ ಹಲ್ಲಿನ ಗುರುತು ಮೂಡಿತ್ತು. ಕೊನೆಯ ವರ್ಷಗಳಲ್ಲಿ ಖಾಸಗಿ ಪೂಜಾಗೃಹದಲ್ಲಿ ಪೂಜೆಗೆ ಅನುಮತಿ ಸಿಕ್ಕಿತು. ಪರಮಪ್ರಸಾದದ ಹೊತ್ತಿಗೆ ಪರಿಚಾರಕ ದೀಪ ಆರಿಸಿ, "ಸದ್ದು ಮಾಡಬೇಡಿ, ಫಾದರ್ ಪೂಜೆಯಲ್ಲಿದ್ದಾರೆ" ಎಂಬ ಹಲಗೆ ತೂಗುಹಾಕಿ ಹೋಗಿ, ಎರಡು ಗಂಟೆ ಬಿಟ್ಟು ಬಂದು ಬಾಗಿಲು ತಟ್ಟುತ್ತಿದ್ದ.

ಇಷ್ಟಿದ್ದರೂ ಹುಡುಗಾಟಿಕೆಗೆ ಅವರು ಸಲಿಗೆ ಕೊಡಲಿಲ್ಲ. ಸದಾ ಹಾಸ್ಯದಲ್ಲೇ ತೇಲುವ ಮನಸ್ಸಿಗೆ ದೇವರ ಕೃಪೆ ಹಿಡಿಸುವುದಿಲ್ಲ, ಇದ್ದ ಅಲ್ಪವೂ ಜಾರಿಹೋಗುತ್ತದೆ ಎಂದು ಎಚ್ಚರಿಸುತ್ತಿದ್ದರು. ಜೊತೆಗೇ, ಖಿನ್ನರಿಗಿಂತ ಹಸನ್ಮುಖಿಗಳಿಗೆ ದಾರಿ ತೋರುವುದು ಸುಲಭ ಎಂದೂ ಹೇಳುತ್ತಿದ್ದರು. ಹುಡುಗರ ಗದ್ದಲದ ಬಗ್ಗೆ ಯಾರೋ ದೂರಿದಾಗ, ಪಾಪ ಮಾಡದಿದ್ದರೆ ನನ್ನ ಬೆನ್ನ ಮೇಲೆ ಸೌದೆ ಒಡೆದರೂ ಸರಿ ಎಂದರು.

1557ರ ಸುಮಾರಿಗೆ ಒರೇಟರಿಯಲ್ಲಿ ಭಾರತದಿಂದ ಬಂದ ಯೇಸುಸಭೆಯವರ ಪತ್ರಗಳನ್ನು ಓದುತ್ತಿದ್ದರು. ಫ್ರಾನ್ಸಿಸ್ ಕ್ಸೇವಿಯರ್ ದುಡಿದ ನೆಲಕ್ಕೆ ತಾವೂ ಹೋಗಬೇಕೆಂದು ಫಿಲಿಪ್ಪರಿಗೂ ಹಲವು ಶಿಷ್ಯರಿಗೂ ಹಂಬಲ ಹತ್ತಿತು. ರೋಮ್ ಹೊರವಲಯದ ತ್ರೆ ಫೊಂತಾನೆಯ ಸಿಸ್ಟರ್ಶಿಯನ್ ಸನ್ಯಾಸಿಯೊಬ್ಬರ ಸಲಹೆ ಕೇಳಿದರೆ, "ನಿನ್ನ ಇಂಡಿಯಾ ರೋಮ್‌ನಲ್ಲೇ ಇದೆ" ಎಂಬ ಉತ್ತರ ಬಂತು. ಫಿಲಿಪ್ಪರು ಉಳಿದ ಆಯುಷ್ಯವನ್ನೆಲ್ಲ ಅಲ್ಲೇ ಕಳೆದರು. ಅವರು ಕಟ್ಟಿದ್ದು ಮಾತ್ರ ಭಾರತಕ್ಕೆ ಬಂತು. ಹೇಗೆಂದು ತಿಳಿಯಲು ಆ ಸಂಘದ ರಚನೆಯನ್ನು ನೋಡಬೇಕು.

1575ರ ಜುಲೈ 15ರಂದು ಪೋಪ್ ಹದಿಮೂರನೇ ಗ್ರೆಗರಿ ಒರೇಟರಿಗೆ ಅಧಿಕೃತ ಮಾನ್ಯತೆ ಕೊಟ್ಟು, ಸಾಂತಾ ಮರಿಯಾ ಇನ್ ವಲ್ಲಿಚೆಲ್ಲಾ ಎಂಬ ಹಳೆಯ ಚರ್ಚನ್ನು ಒಪ್ಪಿಸಿದರು. ಅದನ್ನು ಕೆಡವಿ ಕಟ್ಟಿದ್ದೇ ಇಂದಿನ ಕಿಯೇಸಾ ನುವೊವಾ. ಇತರ ಧಾರ್ಮಿಕ ಸಭೆಗಳಲ್ಲಿ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತ ತೊಡಬೇಕು. ಮೇಲೊಬ್ಬ ಮಹಾಧಿಕಾರಿ ಇರುತ್ತಾನೆ. ಹೇಳಿದ ಊರಿಗೆ ವರ್ಗವಾಗಿ ಹೋಗಬೇಕು. ಒರೇಟರಿಯಲ್ಲಿ ಈ ಯಾವ ವ್ರತವನ್ನೂ ತೊಡಿಸುವುದಿಲ್ಲ. ಸದಸ್ಯರು ಎಲ್ಲ ಧರ್ಮಪ್ರಾಂತ್ಯದ ಗುರುಗಳಂತೆ ಬ್ರಹ್ಮಚಾರಿಗಳೇ, ಆದರೆ ಅವರನ್ನು ಒಟ್ಟಿಗೆ ಹಿಡಿದಿಡುವುದು ಪರಸ್ಪರ ಪ್ರೀತಿ ಮಾತ್ರ. ಸ್ವಂತ ಆಸ್ತಿ ಇಟ್ಟುಕೊಳ್ಳಬಹುದು, ಊಟದ ಖರ್ಚನ್ನು ಆಗ ತಾವೇ ಕೊಡಬೇಕಿತ್ತು. ಮನೆಯ ಹಿರಿಯನನ್ನು ಮೂರು ವರ್ಷಕ್ಕೊಮ್ಮೆ ಮತದಿಂದ ಆರಿಸುತ್ತಾರೆ. ಸೇರಿದ ಮನೆಯಲ್ಲೇ ಸಾಯುವವರೆಗೆ ಇರುವುದು ರೂಢಿ. ಒಂದು ಊರಿನ ಒರೇಟರಿಗೆ ಇನ್ನೊಂದು ಊರಿನ ಒರೇಟರಿಯ ಮೇಲೆ ಅಧಿಕಾರವಿಲ್ಲ. ಶಾಖೆ ತೆರೆಯಲು ಫಿಲಿಪ್ಪರು ಹಿಂಜರಿಯುತ್ತಿದ್ದರು. ನೇಪಲ್ಸ್‌ನ ಮನೆಯವರು ಇನ್ನಷ್ಟು ಕಟ್ಟುನಿಟ್ಟು ಬೇಕೆಂದಾಗ ತಿಕ್ಕಾಟವಾಯಿತು. ಕೊನೆಗೆ 1612ರಲ್ಲಿ ಒಪ್ಪಿಗೆ ಪಡೆದ ನಿಯಮಾವಳಿ ಪ್ರತಿ ಮನೆಯೂ ಸ್ವತಂತ್ರ ಎಂದು ಬರೆದಿಟ್ಟಿತು. ಫ್ರಾನ್ಸ್‌ನಲ್ಲಿ ಬೆರೂಲ್ 1611ರಲ್ಲಿ ಸ್ಥಾಪಿಸಿದ ಒರೇಟರಿ ಇದರಿಂದ ಸ್ಫೂರ್ತಿ ಪಡೆದರೂ ಅಲ್ಲಿ ಕೇಂದ್ರಾಡಳಿತವಿತ್ತು. ಎರಡನ್ನೂ ಒಂದೇ ಎಂದು ಬರೆಯುವುದು ಸಾಮಾನ್ಯ ತಪ್ಪು.

ಹದಿನೇಳನೇ ಶತಮಾನದ ಗೋವಾದಲ್ಲಿ ಕೊಂಕಣಿ ಮಾತಾಡುವ ದೇಶೀ ಗುರುಗಳು ಬಹಳ ಮಂದಿ ಇದ್ದರು. ಐರೋಪ್ಯ ಸಭೆಗಳು ಅವರನ್ನು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಒರೇಟರಿಗೆ ಯುರೋಪಿನ ಮಹಾಧಿಕಾರಿಯ ಒಪ್ಪಿಗೆ ಬೇಕಿರಲಿಲ್ಲ. ನಾಲ್ಕು ಜನ ಗುರುಗಳು ಒಂದು ಮನೆಯಲ್ಲಿ ನಿಯಮದಂತೆ ಬದುಕಲು ಒಪ್ಪಿದರೆ ಅಡಿಪಾಯ ಸಿದ್ಧ. ಹಳೆ ಗೋವಾದ ಗುಡ್ಡದ ಮೇಲಿನ ಪವಾಡದ ಪವಿತ್ರ ಶಿಲುಬೆ ಚರ್ಚಿನಲ್ಲಿ ಹಾಗೆ ಕೂಡಿದ್ದ ಗುಂಪಿಗೆ 1685ರಲ್ಲಿ ಬಾಣಾವಲಿಯ ಜೋಸೆಫ್ ವಾಜ್ ಸೇರಿ, ಅದರ ಹಿರಿಯರಾದರು. ಲಿಸ್ಬನ್ ಒರೇಟರಿಯ ನಿಯಮಾವಳಿ ತರಿಸಿಕೊಂಡು ಗೋವಾದ ಒರೇಟರಿ ನೆಲೆಯೂರಿತು. ಭಾರತೀಯರೇ ಕಟ್ಟಿ ನಡೆಸಿದ ಸಂಸ್ಥೆ ಅದು.

ವಾಜ್ ಅವರು ಅದಕ್ಕೂ ಮುಂಚೆ, 1681ರಿಂದ 1684ರವರೆಗೆ, ಕೆಳದಿಯ ಚೆನ್ನಮ್ಮನ ಆಳ್ವಿಕೆಯ ಕಾಲದಲ್ಲಿ ನಮ್ಮ ಕೆನರಾ ಕರಾವಳಿಯಲ್ಲಿ ದುಡಿದವರು. ಧರ್ಮಾಧ್ಯಕ್ಷರನ್ನು ಆರಿಸುವುದು ಪೋರ್ಚುಗೀಸ್ ದೊರೆಯ ಹಕ್ಕು ಎನ್ನುವವರು ಒಂದೆಡೆ, ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷ ಥಾಮಸ್ ದೆ ಕಾಸ್ತ್ರೊ ಇನ್ನೊಂದೆಡೆ. ಜನ ಎರಡು ಪಾಲಾಗಿದ್ದರು. ಮಂಗಳೂರು, ಬಸ್ರೂರು, ಗಂಗೊಳ್ಳಿಗಳಲ್ಲಿ ಓಡಾಡಿ ವಾಜ್ ಅವರು ಆ ಬಿರುಕಿಗೆ ತೇಪೆ ಹಾಕಿದರು. ಮಂಗಳೂರು ಬಳಿಯ ಮುಡಿಪುವಿನಲ್ಲಿ ಅವರ ಹೆಸರಿನ ಪುಣ್ಯಕ್ಷೇತ್ರವಿದೆ. ಬಸ್ರೂರಿನ ಚರ್ಚ್ ಸಂತ ಫಿಲಿಪ್ ನೇರಿಯವರ ಹೆಸರಿನಲ್ಲೇ ಇದೆ. 1687ರಲ್ಲಿ ವಾಜ್, ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದ ಸಿಲೋನಿಗೆ ಕೂಲಿಯ ವೇಷದಲ್ಲಿ ಹೋದರು. ಗೋವಾದ ಒರೇಟರಿ ಒಬ್ಬರ ಹಿಂದೊಬ್ಬರಂತೆ ಗುರುಗಳನ್ನು ಕಳಿಸಿಕೊಟ್ಟಿತು. 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ವಾಜ್ ಅವರಿಗೆ ಪೋಪ್ ಫ್ರಾನ್ಸಿಸ್ 2015ರ ಜನವರಿ 14ರಂದು ಕೊಲಂಬೊದಲ್ಲಿ ಸಂತ ಪದವಿ ನೀಡಿದರು. ಇಂಗ್ಲೆಂಡಿಗೆ ಇದೇ ಒರೇಟರಿಯನ್ನು 1848ರಲ್ಲಿ ತಂದ ಜಾನ್ ಹೆನ್ರಿ ನ್ಯೂಮನ್ 2019ರಲ್ಲಿ ಸಂತರಾದರು.

ಫಿಲಿಪ್ಪರ ಕೊನೆಯ ವರ್ಷಗಳಲ್ಲಿ ಅವರ ಮಾತಿಗೆ ಪೋಪ್ ಅರಮನೆಯಲ್ಲೂ ತೂಕವಿತ್ತು. ಕಾರ್ಡಿನಲ್ ಪದವಿ ಬಂದಾಗ ನಗೆಮಾತಿನಲ್ಲೇ ತಪ್ಪಿಸಿಕೊಂಡರು. ಪ್ರೊಟೆಸ್ಟಂಟನಾಗಿದ್ದು ಧರ್ಮಸಭೆಯ ಬಹಿಷ್ಕಾರಕ್ಕೆ ಒಳಗಾಗಿದ್ದ ಫ್ರಾನ್ಸ್‌ನ ದೊರೆ ನಾಲ್ಕನೇ ಹೆನ್ರಿಗೆ ಕ್ಷಮೆ ನೀಡಲು ಪೋಪ್ ಎಂಟನೇ ಕ್ಲೆಮೆಂಟ್ ಹಿಂದೆಮುಂದೆ ನೋಡುತ್ತಿದ್ದಾಗ, ಪೋಪರ ಪಾಪನಿವೇದನೆ ಕೇಳುತ್ತಿದ್ದ ಬರೋನಿಯಸ್‌ ಮೂಲಕವೇ ಒತ್ತಡ ಹಾಕಿದರು. ಕ್ಷಮೆ ಸಿಕ್ಕಿದ್ದು 1595ರ ಸೆಪ್ಟೆಂಬರಿನಲ್ಲಿ. ಫಿಲಿಪ್ಪರು ಅದೇ ವರ್ಷದ ಮೇ 26ರ ನಸುಕಿನಲ್ಲಿ, ಎಂಬತ್ತು ತುಂಬಲು ಎರಡು ತಿಂಗಳಿರುವಾಗ, ತೀರಿಕೊಂಡಿದ್ದರು. ಅವರ ಹಬ್ಬ ಮೇ 26. ಆಗಸ್ಟ್ ಹೊತ್ತಿಗೆ ಅವರ ಸಂತ ಪದವಿಗಾಗಿ ಸಾಕ್ಷಿಗಳ ಹೇಳಿಕೆ ದಾಖಲಿಸುವ ಕೆಲಸ ಶುರುವಾಗಿತ್ತು. ನೂರಾರು ಜನ ಬಂದು ಹೇಳಿದರು. ನಾಯಿಯ ವಿಷಯ, ಎದೆಬಡಿತ, ಬುದ್ದಲಿ ಎಲ್ಲ ನಮಗೆ ಗೊತ್ತಿರುವುದು ಆ ದಾಖಲೆಗಳಿಂದ, ಮತ್ತು ಶಿಷ್ಯ ಗಲ್ಲೋನಿಯೊ 1600ರಲ್ಲಿ ಹೊರತಂದ ಜೀವನಚರಿತ್ರೆಯಂಥ ಹಳೆಯ ಬರಹಗಳಿಂದ.

ರೋಮ್‌ಗೆ ಹೋಗುವವರು ಕೊರ್ಸೊ ವಿತ್ತೋರಿಯೊ ಎಮಾನುವೆಲೆ ರಸ್ತೆಯ ಕಿಯೇಸಾ ನುವೊವಾದಲ್ಲಿ ಮುಖ್ಯ ಪೀಠದ ಎಡಗಡೆಯ ಪೂಜಾಗೃಹದಲ್ಲಿ ಅವರ ದೇಹವನ್ನು ಕಾಣಬಹುದು. ಅದೇ ರಸ್ತೆಯ ಮಾಸ್ಸಿಮೊ ಅರಮನೆಯಲ್ಲಿ 1583ರ ಮಾರ್ಚ್ 16ರಂದು ತೀರಿಕೊಂಡಿದ್ದ ಹುಡುಗ ಪಾವೊಲೊ, ಫಿಲಿಪ್ಪರು ಕರೆದಾಗ ಕಣ್ಣು ತೆರೆದು ಮಾತಾಡಿದನೆಂದು ನಂಬಿಕೆ. ಪ್ರತಿವರ್ಷ ಆ ದಿನ ಅರಮನೆಯ ಪೂಜಾಗೃಹ ಜನರಿಗೆ ತೆರೆದಿರುತ್ತದೆ. ಏಳು ಚರ್ಚುಗಳ ನಡಿಗೆಯೂ ನಿಂತಿಲ್ಲ. ಈಗ ಒರೇಟರಿಯವರು ಅದನ್ನು ರಾತ್ರಿ ನಡೆಸುತ್ತಾರೆ: ಸಂಜೆ ಕಿಯೇಸಾ ನುವೊವಾದಿಂದ ಹೊರಟರೆ ಬೆಳಗಾಗುವ ಹೊತ್ತಿಗೆ ಮರಿಯಾ ಮಜ್ಜೋರೆ. ಗಟ್ಟಿ ಚಪ್ಪಲಿ, ನೀರು, ತಿನ್ನಲು ಏನಾದರೂ ಜೊತೆಗಿರಬೇಕು.